ಬೆಲ್ಯುಮ್ಮನ ಏಳು ಸಾಲು ಹಂಚು

ಕಳೆದ ಪೆರ್ನಾಳ್ ಹಬ್ಬದ ದಿನ ಊಟ ಮುಗಿದ ಮೇಲೆ ನನ್ನ ಅಣ್ಣ ಮೊಮ್ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು, “ಅದು ಕಬ್ಬೆಕ್ಕು ಮಕ್ಕಳೇ. ನಿಮ್ಮ ಅಜ್ಜಿ ಹಂಚಿನ ಮಾಡಿನಲ್ಲಿ ನೋಡಿದ್ದು ಕಬ್ಬೆಕ್ಕು. ಅದಕ್ಕೆ ಕೈ, ಕಾಲು, ಮಾತು ಎಲ್ಲ ಸೇರಿಸಿ ಹೇಳ್ತಾಳೆ” ಎಂದು ನಕ್ಕುಬಿಟ್ಟ. ಮಕ್ಕಳೂ ನಕ್ಕರು. ನಾನು ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಎಂಬತ್ತು ದಾಟಿದವನ ಜೊತೆ ಹಬ್ಬದ ದಿನ ಜಗಳ ಯಾಕೆ ಎಂದು ಸುಮ್ಮನಾದೆನೇ ಹೊರತು ಅವನ ಮಾತು ಒಪ್ಪಿಕೊಂಡು ಅಲ್ಲ.

ಅದಾಗಿ ಒಂದು ವಾರ ಕಳೆದಿರಬೇಕು. ಫಳ್ನೀರಿನಲ್ಲಿ ನಮ್ಮ ಫ್ಲ್ಯಾಟಿನ ಎದುರು ಉಳಿದಿದ್ದ ಒಂದೇ ಒಂದು ಹಂಚಿನ ಮನೆಯನ್ನು ಕೆಡವಲು ಜನ ಬಂದರು. ನಾನು ಬಾಲ್ಕನಿಯಲ್ಲಿ ಚಾ ಕುಡಿಯುತ್ತ ಕೂತಿದ್ದೆ. ಅವರು ಹಂಚು ಕಿತ್ತು ಕಿತ್ತು ಅಂಗಳದಲ್ಲಿ ಪೇರಿಸುತ್ತಿದ್ದರು. ಗಾಳಿ ನಮ್ಮ ಕಡೆ ತಿರುಗಿದ್ದೇ ತಡ, ಆ ವಾಸನೆ ಬಂತು. ಹೊಗೆ ಹಿಡಿದ ಮರ, ಒಣಗಿದ ಪಾಚಿ, ಬಾವಲಿಯ ಹಿಕ್ಕೆ, ಇವುಗಳ ಜೊತೆಗೆ ಎಂಜಲು ಹಚ್ಚಿ ಒರೆಸಿದ ಸ್ಲೇಟಿನ ವಾಸನೆ. ಮೊದಲ ಮೂರು ಯಾವ ಹಳೆಯ ಮಾಡಿನಲ್ಲೂ ಇರುತ್ತವೆ. ನಾಲ್ಕನೆಯದು ಇರುವುದಿಲ್ಲ. ಬರೆದೇ ಬಿಡುತ್ತೇನೆ ಎಂದು ಅಲ್ಲೇ ನಿರ್ಧಾರ ಮಾಡಿದೆ. ನಂಬುವುದು ಬಿಡುವುದು ಓದುವವರ ಇಷ್ಟ. ನಂಬಿ ಎಂದು ನಾನು ಯಾರ ಕಾಲೂ ಹಿಡಿಯುವವಳಲ್ಲ.

ನಯಾ ಪೈಸೆ ಬಂದು ಒಂದೆರಡು ವರ್ಷ ಆಗಿದ್ದ ಕಾಲ ಅದು. ಉಪ್ಪನಿಗೆ, ಅಂದರೆ ನಮ್ಮ ತಂದೆಗೆ, ಮಂಗಳೂರಿನ ಬಂದರಿನಲ್ಲಿ ಏಲಕ್ಕಿ, ಕರಿಮೆಣಸಿನ ಸಗಟು ಅಂಗಡಿ ಇತ್ತು. ಅಲ್ಲಿಂದ ಮೇಲಕ್ಕೆ ಹತ್ತುವ ಓಣಿಯ ತುದಿಯಲ್ಲಿ ನಮ್ಮ ಮನೆ. ನಾವು ಮೂವರು ಮಕ್ಕಳು. ಅಣ್ಣ ಇಬ್ರಾಹಿಂ ನನಗಿಂತ ಎರಡು ವರ್ಷ ದೊಡ್ಡವನು, ಅವನನ್ನು ಕಾಕ ಎನ್ನುತ್ತಿದ್ದೆವು. ನಡುವೆ ಹನ್ನೊಂದು ವರ್ಷದ ನಾನು, ಆಸಿಯಾ. ಕೊನೆಯವಳು ಸಾರಾ, ಆರು ವರ್ಷ, ಒಂದನೇ ಕ್ಲಾಸು. ಮನೆಯಲ್ಲಿ ನಾವು ಆಡುತ್ತಿದ್ದದ್ದು ಬ್ಯಾರಿ. ಕನ್ನಡ ಶಾಲೆಯದ್ದು. ಆದರೆ ಆ ಶಾಲೆಯ ಭಾಷೆ ನನಗೆ ಹಿಡಿದುಬಿಟ್ಟಿತ್ತು. ಉಮ್ಮ, ಅಂದರೆ ನಮ್ಮ ತಾಯಿ, ಊಟಕ್ಕೆ ಕರೆದರೂ ಪುಸ್ತಕ ಮಡಚುತ್ತಿರಲಿಲ್ಲ. ನನ್ನ ಓರಗೆಯ ಹುಡುಗಿಯರೆಲ್ಲ ಐದನೇ ಕ್ಲಾಸು ಮುಗಿಸಿ ಮನೆ ಸೇರಿದ್ದರು. ನನ್ನನ್ನು ಮಾತ್ರ ಎಂಟರವರೆಗೆ ಓದಿಸುವುದಾಗಿ ಉಪ್ಪ ಮಾತು ಕೊಟ್ಟಿದ್ದರು. ಸಂಬಂಧಿಕರು ಮೂಗು ಮುರಿದರೂ ಅವರು ಜಗ್ಗಿರಲಿಲ್ಲ. ಇದನ್ನು ಮರೆಯದೆ ಬರೆಯಬೇಕು, ಯಾಕೆಂದರೆ ಮುಂದೆ ಬರುವುದನ್ನು ಓದಿ ನೀವು ಅವರನ್ನು ಕೆಟ್ಟವರು ಎಂದುಕೊಳ್ಳಬಾರದು.

ನಮ್ಮ ಕಡೆ ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಮಾಡಿನ ಹಂಚು ತೆಗೆಸಿ, ಪಾಚಿ ತಿಕ್ಕಿಸಿ, ಒಡೆದದ್ದನ್ನು ಬದಲಿಸಿ ಮತ್ತೆ ಹೊದೆಸುತ್ತಾರೆ. ಹಂಚು ಗಟ್ಟಿ ಉಂಟೋ ಇಲ್ಲವೋ ಎಂದು ನೋಡಲು ಬೆರಳ ಗೆಣ್ಣಿನಿಂದ ಕುಟ್ಟುತ್ತಾರೆ. ಟಣ್ ಎಂದರೆ ಒಳ್ಳೆಯದು, ಮಂಕು ಸದ್ದು ಬಂದರೆ ಬಿರುಕು. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಬರುತ್ತಿದ್ದವರು ಬಾಬು ಮೇಸ್ತ್ರಿ ಮತ್ತು ಅವರ ಇಬ್ಬರು ಆಳುಗಳು. ಆದರೆ ಅಡುಗೆ ಮನೆಯ ಮೇಲಿನ ಏಳು ಸಾಲನ್ನು ಅವರು ಒಂದು ವರ್ಷವೂ ಮುಟ್ಟಿದವರಲ್ಲ. ಅದು ಬೆಲ್ಯುಮ್ಮನ, ಅಂದರೆ ಉಪ್ಪನ ತಾಯಿಯ ಕಟ್ಟಪ್ಪಣೆ. ಯಾಕೆ ಎಂದು ಕೇಳಿದರೆ, “ಅಲ್ಲಿ ಮಾಡಿನವರು ಇದ್ದಾರೆ” ಎನ್ನುತ್ತಿದ್ದರು, ಪಕ್ಕದ ಮನೆಯಲ್ಲಿ ಬಾಡಿಗೆಯವರಿದ್ದಾರೆ ಎಂದು ಹೇಳುವ ಧಾಟಿಯಲ್ಲಿ.

“ಅವರು ಎಂತದ್ದು ಬೆಲ್ಯುಮ್ಮಾ?” ಎಂದು ಒಮ್ಮೆ ಕೇಳಿದ್ದೆ.

“ಹಂಚಿನ ಮಣ್ಣಿನೊಟ್ಟಿಗೆ ಬಂದವರು. ಎಲ್ಲಾ ಮಣ್ಣೂ ಭಟ್ಟಿಗೆ ಹೋಗಿ ಸುಟ್ಟುಕೊಂಡಿತು. ಇವರು ಮಾತ್ರ ಹೋಗ್ಲಿಕ್ಕೆ ಒಪ್ಪಲಿಲ್ಲ.”

ಉಪ್ಪ ಇದನ್ನು ಕೇಳಿ ಹುಬ್ಬು ಗಂಟಿಕ್ಕುತ್ತಿದ್ದರು. ನಮಾಝ್, ರಂಜಾನಿನ ನೋಂಪು ಒಂದೂ ತಪ್ಪಿಸದ, ದಿನಾ ಪತ್ರಿಕೆ ಓದುವ ಮನುಷ್ಯ. ಅವರಿಗೆ ಇದು ದೀನಿಗೂ, ಅಂದರೆ ಧರ್ಮಕ್ಕೂ ಸಲ್ಲದ, ಬುದ್ಧಿಗೂ ಸಲ್ಲದ ಮಾತು. ಆದರೂ ತಾಯಿಯ ಎದುರು ಏನೂ ಅನ್ನುತ್ತಿರಲಿಲ್ಲ. ಬೆಲ್ಯುಮ್ಮ ಎಲೆಯಡಿಕೆ ಹಾಕಿಕೊಂಡ ಮೇಲೆ ಬೆರಳಲ್ಲಿ ಉಳಿದ ಸುಣ್ಣವನ್ನು ಅಡುಗೆ ಮನೆಯ ತಗ್ಗು ಮಾಡಿನ ಮರಕ್ಕೆ ಒರೆಸುತ್ತಿದ್ದರು. ಕಂಬಕ್ಕೂ ಗೋಡೆಗೂ ಸುಣ್ಣ ಒರೆಸುವುದು ಆ ಕಾಲದ ಎಲ್ಲ ಮುದುಕಿಯರ ಅಭ್ಯಾಸ, ಹಾಗಾಗಿ ನಾವು ಯಾರೂ ಅದರ ಬಗ್ಗೆ ಎರಡನೇ ಸಲ ಯೋಚಿಸಲಿಲ್ಲ. ಮರುದಿನಕ್ಕೆ ಆ ಸುಣ್ಣದ ಗುರುತೂ ಇರುತ್ತಿರಲಿಲ್ಲ ಎಂಬುದನ್ನೂ ಗಮನಿಸಲಿಲ್ಲ.

ದಸರಾ ರಜೆಯ ಹೊತ್ತಿಗೆ ಬೆಲ್ಯುಮ್ಮ ತೀರಿಕೊಂಡರು. ಎಲೆಯಡಿಕೆ ಪೆಟ್ಟಿಗೆ ಕಪಾಟು ಸೇರಿತು. ಅದಾಗಿ ಎರಡು ತಿಂಗಳಿಗೆ ಸಾರಾಳ ಸ್ಲೇಟು ಕಡ್ಡಿಗಳು ಕಾಣೆಯಾಗತೊಡಗಿದವು. ಇವತ್ತು ತಂದ ಕಡ್ಡಿ ನಾಳೆ ಇಲ್ಲ. ಶಾಲೆಯಲ್ಲಿ ಟೀಚರ್ ಕೈಗೆ ಬಾರಿಸಿದರು, ಮನೆಯಲ್ಲಿ ಉಮ್ಮ, “ಕಡ್ಡಿ ತಿಂತೀಯಲ್ಲ, ಹೊಟ್ಟೆಯಲ್ಲಿ ಹುಳ ಆಗ್ತದೆ” ಎಂದು ಬೈದರು. ಸಾರಾ ಕಡ್ಡಿ ತಿನ್ನುತ್ತಿದ್ದಳು ಎಂಬುದು ನಿಜವೇ, ಆ ವಯಸ್ಸಿನಲ್ಲಿ ತಿನ್ನದವರು ಯಾರು? ಆದರೆ ವಾರಕ್ಕೆ ಒಂದು ಕಟ್ಟು ತಿನ್ನುವಷ್ಟು ಅಲ್ಲ. “ನಾನಲ್ಲ, ನಾನಲ್ಲ” ಎಂದು ಅವಳು ಅಳುವುದನ್ನು ನೋಡಲಾರದೆ ಕಾಕ ಒಂದು ಭಾನುವಾರ ಮಧ್ಯಾಹ್ನ ಮೂರು ಕಡ್ಡಿಗಳನ್ನು ಅಡುಗೆ ಮನೆಯ ಕಟ್ಟೆಯ ಮೇಲಿಟ್ಟ. ನಾವು ಮೂವರೂ ಅಟ್ಟ ಹತ್ತಿ, ಒಣ ತೆಂಗಿನಕಾಯಿ ರಾಶಿಯ ಹಿಂದೆ ಅಡಗಿ ಕೂತೆವು.

ಮೊದಲು ಬಂದದ್ದು ಒಂದು ಕೈ. ಹಂಚಿನ ಕೆಳಗಿನ ಮರದ ಸಂದಿನಿಂದ, ನನ್ನ ಕಿರುಬೆರಳಿನಷ್ಟು ದಪ್ಪದ ಕೈ. ಆಮೇಲೆ ತಲೆ, ಆಮೇಲೆ ಇಡೀ ಮೈ. ಒಂದು ಗೇಣು ಎತ್ತರ. ಹಸಿ ಮಣ್ಣಿನ ಬಣ್ಣ, ಬೆನ್ನಿನ ಮೇಲೆ ಹಂಚಿಗೆ ಇರುವ ಹಾಗೇ ಎರಡು ಉದ್ದ ಗೆರೆ. ಕಿವಿ ಇಲ್ಲ. ಕಣ್ಣು ಮಾತ್ರ ದೊಡ್ಡದು, ಕಪ್ಪು. ಅದರ ಹಿಂದೆ ಇನ್ನೊಂದು, ಮತ್ತೊಂದು. ನಾನು ಎಣಿಸಿದ್ದು ಹದಿಮೂರು, ಕಾಕ ಎಣಿಸಿದ್ದು ಹನ್ನೊಂದು. ನೋಡಿ, ಎಷ್ಟಿದ್ದವು ಎಂದು ಆಗ ನನ್ನೊಡನೆ ಗಂಟೆಗಟ್ಟಲೆ ಜಗಳವಾಡಿದ್ದ ಮನುಷ್ಯ ಈಗ ಕಬ್ಬೆಕ್ಕು ಎನ್ನುತ್ತಾನೆ. ಕಬ್ಬೆಕ್ಕು ಕಡ್ಡಿ ತಿನ್ನುತ್ತದೆಯೇ? ಇವರು ತಿಂದರು. ತಿಂದು, ಅಗಿದದ್ದನ್ನು ಅಂಗೈಗೆ ಉಗಿದುಕೊಂಡು, ಹಂಚಿನ ಬಿರುಕುಗಳಿಗೆ ಮೆತ್ತಿ ಹೆಬ್ಬೆರಳಿನಿಂದ ತೀಡಿದರು. ಇಷ್ಟು ವರ್ಷ ಕೈ ಮುಟ್ಟಿಸದ ಏಳು ಸಾಲು ಒಂದು ಹನಿಯೂ ಸೋರದೆ ಉಳಿದದ್ದು ಹೇಗೆಂದು ನನಗೆ ಆಗ ತಿಳಿಯಿತು. ಬೆಲ್ಯುಮ್ಮ ಒರೆಸುತ್ತಿದ್ದ ಸುಣ್ಣವೇ ಅವರ ಊಟ, ಅದೇ ಅವರ ಗಾರೆ.

ಆ ದಿನದಿಂದ ಸುಣ್ಣದ ಕೆಲಸ ನನ್ನದಾಯಿತು. ಬೆಲ್ಯುಮ್ಮನ ಪೆಟ್ಟಿಗೆಯಿಂದ ಡಬ್ಬಿ ಕದ್ದು, ದಿನಾ ಶಾಲೆಯಿಂದ ಬಂದ ಕೂಡಲೇ ಬೆರಳಿನಷ್ಟು ಒರೆಸುತ್ತಿದ್ದೆ. ಅವರಿಗೆ ಬಾಯಿಯ ಮಾತಿಲ್ಲ. ಗೆಣ್ಣಿನಿಂದ ಹಂಚಿಗೆ ಕುಟ್ಟುತ್ತಿದ್ದರು. ಅದನ್ನು ಮೊದಲು ಅರ್ಥ ಮಾಡಿಕೊಂಡದ್ದು ಸಾರಾ. ಒಂದು ಕುಟ್ಟಿದರೆ ಹೌದು, ಎರಡು ಕುಟ್ಟಿದರೆ ಬೇಡ. “ಸುಣ್ಣ ಬೇಕಾ?” ಟಣ್. “ಬೆಲ್ಲ ಬೇಕಾ?” ಟಣ್ ಟಣ್. ಅವಳು ಇಡೀ ದಿನ ಅಟ್ಟದಲ್ಲಿ ಕೂತು ಅವರಿಗೆ ಪ್ರಶ್ನೆ ಹಾಕುತ್ತಿದ್ದಳು. ಅವರಲ್ಲಿ ಒಬ್ಬಳು ಮುದುಕಿ ಇದ್ದಳು, ನಡೆಯುವಾಗ ಒಂದು ಕಾಲು ಎಳೆಯುತ್ತಿದ್ದಳು. ಅವಳು ಸಾರಾಳ ಅಂಗೈಯಲ್ಲಿ ಬಂದು ಕೂರುವಷ್ಟು ಸಲಿಗೆ ಆಗಿತ್ತು.

ಇಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ನಮಗೆ ಆಸೆ. ಅಟ್ಟ ಕತ್ತಲು, ಅವರನ್ನು ಬೆಳಕಿನಲ್ಲಿ ಸರಿಯಾಗಿ ನೋಡಬೇಕು ಎಂಬ ಆಸೆ. ಹಂಚಿನ ನಡುವೆ ಅಲ್ಲಲ್ಲಿ ಗಾಜಿನ ಹಂಚು ಇಡುತ್ತಾರಲ್ಲ, ಬೆಳಕಿಗೆ, ಅಂಥದ್ದೊಂದು ಇಟ್ಟರೆ ಹೇಗೆ ಎಂದು ನಾನೇ ಕೇಳಿದೆ. ಹೌದು, ನಾನೇ. ಪರೀಕ್ಷೆ ಮುಗಿದ ಮೇಲೆ ಕಾಕ ಕೂಳೂರಿನಲ್ಲಿದ್ದ ನಮ್ಮ ಅತ್ತೆಯ ಮನೆಗೆ ಹೋಗಿ, ಅವರ ಕೊಟ್ಟಿಗೆಯಲ್ಲಿ ಬಿದ್ದಿದ್ದ ಗಾಜಿನ ಹಂಚೊಂದನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದ. ಒಳಗಿನಿಂದಲೇ ಒಂದು ಮಣ್ಣಿನ ಹಂಚು ಜಾರಿಸಿ ತೆಗೆದು ಅದನ್ನು ಕೂರಿಸಿದೆವು.

ಹಂಚಿನ ಊರಿನಲ್ಲಿ ಹುಟ್ಟಿಯೂ ನಾವು ಮಾಡಿದ ತಪ್ಪು ಇದು. ಒಂದು ಕಾರ್ಖಾನೆಯ ಹಂಚು ಇನ್ನೊಂದು ಕಾರ್ಖಾನೆಯ ಹಂಚಿಗೆ ಕಚ್ಚಿ ಕೂರುವುದಿಲ್ಲ. ನೋಡಲು ಒಂದೇ, ಆದರೆ ಅಂಚಿನ ಗೆರೆ ಒಂದು ನೂಲು ಆಚೀಚೆ. ಬಾಬು ಮೇಸ್ತ್ರಿಯ ಆಳುಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ನಾವು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಬಿಸಿಲು ಆ ಗಾಜಿನಿಂದ ಒಳಗೆ ಬಿತ್ತು. ಸಾರಾ ಕರೆದಳೆಂದು ಮುದುಕಿ ಹೊರಗೆ ಬಂದಳು. ಬಿಸಿಲು ತಾಗಿದ ಅವಳ ಭುಜ ನಮ್ಮ ಕಣ್ಣೆದುರೇ ಬಿಳಿಚಿ, ಒಣಗಿ, ಚಟ್ಟೆಂದು ಬಿರಿಯಿತು. ಅವರು ಸುಡದ ಮಣ್ಣು. ನೆರಳಿನಲ್ಲಿ ಎಷ್ಟು ವರ್ಷವಾದರೂ ಇರುತ್ತಾರೆ, ಬಿಸಿಲಿನಲ್ಲಿ ಒಂದು ಗಳಿಗೆ ನಿಲ್ಲಲಾರರು. ಸಾರಾ ಚೀರಿದಳು. ನಾನು ಡಬ್ಬಿಯಲ್ಲಿದ್ದ ಸುಣ್ಣವನ್ನೆಲ್ಲ ಬಳಿದು ಆ ಬಿರುಕಿಗೆ ಮೆತ್ತಿದೆ. ಗಾಜಿನ ಮೇಲೆ ಗೋಣಿ ಹೊದೆಸಿದೆವು. ಅದನ್ನು ತೆಗೆದು ಹಳೆಯ ಹಂಚನ್ನೇ ಇಡಬೇಕು ಎನ್ನುವಷ್ಟರಲ್ಲಿ ಉಮ್ಮ ಕೆಳಗಿನಿಂದ ಕೂಗಿದರು, ಆಮೇಲೆ ಆ ದಿನ ಮತ್ತೆ ಅಟ್ಟ ಹತ್ತಲು ಆಗಲಿಲ್ಲ. ಆ ಸಂಜೆಯೇ ಮೇ ತಿಂಗಳ ಮೊದಲ ಗಾಳಿಮಳೆ ಬಂತು.

ಕಚ್ಚಿ ಕೂರದ ಅಂಚಿನಿಂದ ನೀರು ಧಾರೆಯಾಗಿ ಇಳಿಯಿತು. ಅಡುಗೆ ಮನೆಗೆ ತಾಗಿದ ಸಾಮಾನು ಕೋಣೆಯಲ್ಲಿ ಉಪ್ಪ ತಂದಿರಿಸಿದ್ದ ಏಲಕ್ಕಿ ಮೂಟೆಗಳು ನೆನೆದು ಮುದ್ದೆಯಾದವು. ಉಪ್ಪ ಬಂದು ನೋಡಿದರು. ಬೈಯಲಿಲ್ಲ. ಒದ್ದೆ ಮೂಟೆಯ ಮೇಲೆ ಕೈಯಿಟ್ಟು, “ನನ್ನ ಉಮ್ಮ ಹೋದ ಮೇಲೂ ಅವರ ಹಟ ಇಟ್ಟುಕೊಂಡದ್ದಕ್ಕೆ ಇದು. ನಾಡಿದ್ದು ಬಾಬು ಬರ್ತಾನೆ. ಈ ಸರ್ತಿ ಆ ಏಳು ಸಾಲನ್ನೂ ಬಿಚ್ಚಿಸ್ತೇನೆ. ಒಂದು ಹಂಚು ಬಿಡುವುದಿಲ್ಲ” ಎಂದರು.

ಬಿಚ್ಚಿದರೆ ಮೇ ತಿಂಗಳ ಬಿಸಿಲು ನೇರ ಅವರ ಮೇಲೆ ಬೀಳುತ್ತದೆ. ಹದಿಮೂರು ಜನ, ಅವರಲ್ಲಿ ತಾಯಿಯ ಬೆನ್ನಿಗೆ ಅಂಟಿಕೊಂಡ ಒಂದು ಕೂಸು. ನನಗೆ ತಡೆಯಲಾಗಲಿಲ್ಲ. “ಉಪ್ಪ, ಸೋರಿದ್ದು ಬೆಲ್ಯುಮ್ಮನ ಹಂಚು ಅಲ್ಲ. ನಾವು ಗಾಜಿನ ಹಂಚು ಇಟ್ಟದ್ದು. ತಪ್ಪು ನಮ್ಮದು. ಮಾಡಿನವರನ್ನು ನೋಡ್ಲಿಕ್ಕೆ ಇಟ್ಟದ್ದು” ಎಂದು ಎಲ್ಲವನ್ನೂ ಹೇಳಿಬಿಟ್ಟೆ.

ಉಪ್ಪ ನನ್ನನ್ನು ನೋಡಿದರು. ಆಮೇಲೆ ಕಾಕನನ್ನು ನೋಡಿ, “ನೀನು ದೊಡ್ಡವನು. ನೀನು ಹೇಳು. ಅಲ್ಲಿ ಎಂತಾದರೂ ಉಂಟಾ?” ಎಂದು ಕೇಳಿದರು.

ಕಾಕ ನೆಲ ನೋಡಿದ. “ನನಗೆ ಗೊತ್ತಿಲ್ಲ. ನಾನು ಎಂತದ್ದೂ ನೋಡ್ಲಿಲ್ಲ” ಎಂದ.

ಅವನಿಗೆ ಬೆತ್ತದ ಹೆದರಿಕೆ, ನಗೆಪಾಟಲಾಗುವ ಹೆದರಿಕೆ, ಹದಿಮೂರು ವರ್ಷದ ಹುಡುಗನಿಗೆ ಇರುವ ಎಲ್ಲ ಹೆದರಿಕೆಗಳೂ ಇದ್ದವು. ಈಗ ಅರ್ಥವಾಗುತ್ತದೆ. ಆಗ ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಉಪ್ಪ ನನಗೆ, “ಆರನೇ ಕ್ಲಾಸು ಪಾಸಾದ ಹುಡುಗಿ ಆಡುವ ಮಾತಾ ಇದು? ಇದಕ್ಕಾ ನಿನ್ನನ್ನು ಓದಿಸಿದ್ದು?” ಎಂದು ಹೇಳಿ ಅಂಗಡಿಗೆ ಹೋದರು.

ಬಾಬು ಮೇಸ್ತ್ರಿ ಬಂದದ್ದು ಬೆಳಿಗ್ಗೆ ಏಳಕ್ಕೆ. ಹಿಂದಿನ ದಿನ ನಾವು ಗಾಜಿನ ಹಂಚು ತೆಗೆದು ಹಳೆಯದನ್ನೇ ಕೂರಿಸಿ, ದಿನವಿಡೀ ಮಾಡಿನವರಿಗೆ, “ಮಡಕೆಯೊಳಗೆ ಕೂತುಕೊಳ್ಳಿ, ಬೇರೆ ಕಡೆ ಒಯ್ಯುತ್ತೇವೆ” ಎಂದು ಬೇಡಿಕೊಂಡಿದ್ದೆವು. ಟಣ್ ಟಣ್ ಎಂದು ಎರಡೆರಡು ಸಲ ಕುಟ್ಟಿ ಬೇಡ ಎಂದರು. ಭಟ್ಟಿಗೇ ಹೋಗಲು ಒಪ್ಪದವರು ಮಡಕೆಗೆ ಬರುತ್ತಾರೆಯೇ? ಅವರು ಅಲ್ಲಾಡುವುದಿಲ್ಲ ಎಂದಾದ ಮೇಲೆ ನಾನಾದರೂ ಯಾಕೆ ಅಲ್ಲಾಡಬೇಕು ಎಂದು ನನಗೂ ಅನ್ನಿಸಿತು.

ಹನ್ನೆರಡು ಗಂಟೆಯ ಹೊತ್ತಿಗೆ ಇಡೀ ಮಾಡಿನ ಹಂಚು ಬಿಚ್ಚಿ ಮುಗಿದು, ಆ ಏಳು ಸಾಲು ಮಾತ್ರ ಉಳಿಯಿತು. ಮೇಸ್ತ್ರಿ ಮತ್ತು ಆಳುಗಳು ಗಂಜಿ ಉಣ್ಣಲು ಇಳಿದು ಬೇಲಿಯ ನೆರಳಿಗೆ ಹೋದರು. ಬಿದಿರಿನ ಏಣಿ ಮಾಡಿಗೆ ಒರಗಿಕೊಂಡೇ ಇತ್ತು. ನಾನು ತಲೆಯ ವಸ್ತ್ರವನ್ನು ಸೊಂಟಕ್ಕೆ ಬಿಗಿದುಕೊಂಡು ಹತ್ತಿದೆ.

ಹನ್ನೊಂದು ವರ್ಷದ ಬ್ಯಾರಿ ಹುಡುಗಿ ಹಾಡಹಗಲಲ್ಲಿ, ಇಡೀ ಓಣಿ ನೋಡುವ ಹಾಗೆ ಮಾಡು ಹತ್ತುವುದು ಎಂದರೆ ಆಗ ಎಂತ ಎಂದು ಈಗಿನ ಮಕ್ಕಳಿಗೆ ಹೇಳಿದರೆ ತಿಳಿಯುವುದಿಲ್ಲ. ಮನೆಯ ಜಗಲಿಗೆ ಬರುವುದಕ್ಕೇ ನೂರು ಕಟ್ಟಳೆ ಇದ್ದ ಕಾಲ. ಹಂಚು ಕಾದು ಕೆಂಡವಾಗಿತ್ತು. ಏಳು ಸಾಲಿನ ನಡುವೆ ಕಾಲು ಚಾಚಿ ಕೂತೆ. ತೊಡೆ ಸುಟ್ಟಿತು, ಅಂಗೈ ಸುಟ್ಟಿತು, ಏಳಲಿಲ್ಲ. ಅಲ್ಲಿಂದ ಬಂದರಿನ ಹಾಯಿ ಹಡಗುಗಳ ಕಂಬಗಳು ಕಂಡವು, ಆಚೆಗೆ ಸಮುದ್ರ. ಅಷ್ಟು ದೊಡ್ಡ ಸಮುದ್ರ ನಮ್ಮ ಮನೆಯ ತಲೆಯ ಮೇಲಿನಿಂದ ಕಾಣುತ್ತಿತ್ತು ಎಂದು ನನಗೆ ಅದುವರೆಗೆ ಗೊತ್ತೇ ಇರಲಿಲ್ಲ. ಸಿಟ್ಟಿನ ನಡುವೆಯೂ ಖುಷಿಯಾಯಿತು.

ಮೇಸ್ತ್ರಿ ನೋಡಿ ಎದ್ದು ಬಂದರು. “ಏ ಬಾಲೆ! ಎಂತ ಮಾರಾಯ್ತಿ ಇದು? ಇಳಿ, ಇಳಿ, ಬೀಳ್ತೀ!”

“ಈ ಏಳು ಸಾಲು ಬಿಚ್ಚುವುದಿಲ್ಲ ಅಂತ ಹೇಳಿ, ಇಳೀತೇನೆ.”

“ನಾನು ಹೇಳುವುದಾ? ಸಾವ್ಕಾರ್ರು ಹೇಳಬೇಕು” ಎಂದು ಅವರು ಏಣಿಯ ಕಡೆ ಬಂದರು. ಅಷ್ಟರಲ್ಲಿ ಏಣಿ ಇರಲಿಲ್ಲ. ಕಾಕ ಅದನ್ನು ಎಳೆದು ಹೆಗಲಿಗೇರಿಸಿಕೊಂಡು ಓಣಿಯಲ್ಲಿ ಬಂದರಿನ ಕಡೆ ಓಡುತ್ತಿದ್ದ. ತನಗಿಂತ ಮೂರು ಪಾಲು ಉದ್ದದ ಏಣಿ, ಹಿಂದಿನ ತುದಿ ನೆಲಕ್ಕೆ ಬಡಿಯುತ್ತ ಕುಣಿಯುತ್ತಿತ್ತು. ಇಬ್ಬರು ಆಳುಗಳು ಬೊಬ್ಬೆ ಹಾಕುತ್ತ ಅವನ ಹಿಂದೆ. ಈಗ ನಾನು ಆ ದೊಡ್ಡ ಮನುಷ್ಯನನ್ನು ಕೇಳುತ್ತೇನೆ: ಕಬ್ಬೆಕ್ಕಿಗಾಗಿ ಯಾರಾದರೂ ಏಣಿ ಕದ್ದು ಓಡುತ್ತಾರಾ?

ಓಣಿಯಲ್ಲಿ ಜನ ಸೇರಿದರು. ಉಮ್ಮ ತಲೆಗೆ ಮುಸುಕೆಳೆದುಕೊಂಡು ಅಂಗಳಕ್ಕೆ ಬಂದು, “ಇಳಿ ಮಗಳೇ, ಮರ್ಯಾದೆ ಹೋಯಿತು” ಎಂದು ಅತ್ತರು. ಸಾರಾ ಅವರ ಸೆರಗು ಹಿಡಿದುಕೊಂಡು, “ಇಳೀಬೇಡ, ಇಳೀಬೇಡ” ಎಂದು ಕೂಗಿದಳು. ಅವಳಿಗೆ ಒಂದು ಏಟು ಬಿತ್ತು. ಹಂಚಿನ ಸಂದಿನಲ್ಲಿ ನನ್ನ ಬೆರಳಿಗೆ ಏನೋ ತಾಗಿತು. ತಣ್ಣಗಿನ ಸಣ್ಣ ಕೈ. ಅದು ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು, ಬಿಡಲಿಲ್ಲ.

ಉಪ್ಪ ಬಂದಾಗ ಒಂದು ಗಂಟೆ ದಾಟಿತ್ತು. ಏಣಿ ಹಿಡಿದ ಆಳು, ಕಿವಿ ಹಿಂಡಿಸಿಕೊಂಡ ಕಾಕ, ಇಬ್ಬರೂ ಅವರ ಹಿಂದೆಯೇ ಬಂದರು. ಏಣಿಯನ್ನು ಮಾಡಿಗೆ ಒರಗಿಸಿದರು. ಹತ್ತಿ ನನ್ನನ್ನು ಎತ್ತಿಕೊಂಡು ಬರಲು ಆಳುಗಳು ಹಿಂಜರಿದರು, ಹೆಣ್ಣು ಮಗಳನ್ನು ಮುಟ್ಟುವುದು ಹೇಗೆ? ಉಪ್ಪನ ಮುಖ ಬಿಳಿಚಿಹೋಗಿತ್ತು. ಬೊಬ್ಬೆ ಹೊಡೆಯಲಿಲ್ಲ. ಅಂಗಡಿಯಲ್ಲಿ ದೊಡ್ಡ ವ್ಯಾಪಾರ ಕುದುರಿಸುವಾಗ ಮಾತಾಡುವ ಹಾಗೆ ಮೆಲ್ಲಗೆ ಮಾತಾಡಿದರು.

“ಆಸಿಯಾ, ಇಳಿ.”

“ಏಳು ಸಾಲು ಮುಟ್ಟುವುದಿಲ್ಲ ಅಂತ ಹೇಳಿ ಉಪ್ಪ.”

“ಇಷ್ಟು ಜನರ ಎದುರು ನನಗೆ ಷರತ್ತು ಹಾಕ್ತೀಯಾ? ಓದಿಸಿದ್ದಕ್ಕೆ ಇದಾ ಫಲ? ಸರಿ. ನೀನೇ ಹೇಳು. ಜೂನಿನಲ್ಲಿ ಶಾಲೆ ಬೇಕಾ, ಆ ಏಳು ಸಾಲು ಬೇಕಾ? ಎರಡೂ ಇಲ್ಲ. ಒಂದು ಹೇಳು.”

ನಾನು ಶಾಲೆಯನ್ನೇ ಹೇಳುತ್ತೇನೆ ಎಂದು ಅವರಿಗೆ ಖಾತ್ರಿ ಇತ್ತು. ನನ್ನನ್ನು ಬಲ್ಲ ಯಾರೇ ಆದರೂ ಹಾಗೇ ಅಂದುಕೊಳ್ಳುತ್ತಿದ್ದರು. ಏಳನೇ ಕ್ಲಾಸಿನ ಪುಸ್ತಕಗಳಿಗೆ ಆಗಲೇ ಬೈಂಡು ಹಾಕಿಟ್ಟಿದ್ದೆ. ಆಗ ಕೆಳಗಿನಿಂದ, ನಾನು ಕೂತಿದ್ದ ಹಂಚಿಗೇ, ಟಣ್ ಟಣ್ ಎಂದು ಕುಟ್ಟಿದ ಸದ್ದು ಬಂತು. ಬೇಡ. ಮತ್ತೆ ಟಣ್ ಟಣ್. ಬೇಡ. ನಮಗಾಗಿ ಬಿಡಬೇಡ ಎಂದು ಅವರು ಹೇಳುತ್ತಿದ್ದರು. ತಾವು ಒಣಗಿ ಪುಡಿಯಾಗುತ್ತೇವೆ ಎಂದು ಗೊತ್ತಿದ್ದೂ ಹಾಗೆ ಹೇಳುವವರನ್ನು ನಾನು ಬಿಸಿಲಿಗೆ ಹಾಕಬೇಕಿತ್ತಾ?

“ಏಳು ಸಾಲು” ಎಂದೆ.

ಓಣಿಯ ಜನ ಉಪ್ಪನ ಕಡೆ ತಿರುಗಿದರು.

“ಆದರೆ ಉಪ್ಪ, ನೀವು ಒಮ್ಮೆ ಮೇಲೆ ಬನ್ನಿ. ಏಣಿ ಉಂಟಲ್ಲ. ಹತ್ತಿ ಬಂದು ನೋಡಿ. ನಾನು ಸುಳ್ಳು ಹೇಳಿದ್ದಾದರೆ ನೀವೇ ಬಿಚ್ಚಿ.”

ಉಪ್ಪ ಏಣಿಗೆ ಎರಡೂ ಕೈ ಹಾಕಿದರು. ಕೆಳಗಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು. ಅಲ್ಲಿಯೇ ನಿಂತರು. ಆಮೇಲೆ ಕಾಲು ಕೆಳಗಿಟ್ಟು, “ಬಾಬು, ಅದನ್ನು ಬಿಟ್ಟುಬಿಡು. ಉಳಿದದ್ದನ್ನು ಹೊದೆಸು” ಎಂದು ಹೇಳಿ, ಯಾರ ಮುಖವನ್ನೂ ನೋಡದೆ ಅಂಗಡಿಗೆ ಹೊರಟುಹೋದರು. ಪಕ್ಕದ ಸಾಲುಗಳನ್ನು ಹೊದೆಸಿ ಮುಗಿಸುವವರೆಗೆ ನಾನು ಇಳಿಯಲಿಲ್ಲ. ಉಪ್ಪನ ಮಾತಿನ ಮೇಲೆ ನಂಬಿಕೆ ಇರಲಿಲ್ಲವೆಂದಲ್ಲ, ಸಮುದ್ರ ಇನ್ನು ಯಾವಾಗ ನೋಡುವುದೋ ಎಂದು.

ಉಪ್ಪ ಮಾತು ಉಳಿಸಿಕೊಂಡರು. ಎರಡೂ ಮಾತು. ಜೂನ್ ಬಂತು, ಮಳೆ ಹಿಡಿಯಿತು. ಕಾಕ ಕೊಡಿಯಾಲ್‌ಬೈಲಿನ ಹೈಸ್ಕೂಲಿಗೆ ಕೊಡೆ ಹಿಡಿದು ಹೋದ, ಸಾರಾ ಎರಡನೇ ಕ್ಲಾಸಿಗೆ ಹೋದಳು. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ದುಃಖ ಆಗಲಿಲ್ಲ ಎಂದು ಬರೆದರೆ ಅದೊಂದೇ ಈ ಬರಹದಲ್ಲಿ ಸುಳ್ಳಾಗುತ್ತದೆ. ಬೈಂಡು ಹಾಕಿದ ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು ಅತ್ತೆ. ಅತ್ತಾದ ಮೇಲೆ ಪುಸ್ತಕ ತೆಗೆದುಕೊಂಡು ಅಟ್ಟ ಹತ್ತಿದೆ. ದಿನಾ ಸಂಜೆ ಕಾಕ ತನ್ನ ಹಳೆಯ ಪಾಠಗಳನ್ನು ಅಲ್ಲಿ ನನಗೆ ಹೇಳಿಕೊಟ್ಟ, ಒಂದು ದಿನವೂ ತಪ್ಪಿಸಲಿಲ್ಲ. ಆ ಒಂದು ಕಾರಣಕ್ಕೆ ಅವನ ಕಬ್ಬೆಕ್ಕನ್ನು ಇಷ್ಟು ವರ್ಷ ಸಹಿಸಿದ್ದೇನೆ. ನಾನು ಗಟ್ಟಿಯಾಗಿ ಓದುವಾಗ ಮಾಡಿನವರು ಮರದ ಮೇಲೆ ಸಾಲಾಗಿ ಕೂತು ಕೇಳುತ್ತಿದ್ದರು. ಮುದುಕಿಯ ಭುಜದ ಬಿರುಕು ಸುಣ್ಣದಿಂದ ಕೂಡಿಕೊಂಡಿತು, ಬಿಳಿ ಗೆರೆ ಉಳಿಯಿತು. ಅರ್ಥವಾಗದ ಕಡೆ ಅವಳು ಎರಡು ಸಲ ಕುಟ್ಟುತ್ತಿದ್ದಳು, ನಾನು ಮತ್ತೆ ಓದುತ್ತಿದ್ದೆ.

ಆ ಮಳೆಗಾಲದಲ್ಲಿ ಹೊಸದಾಗಿ ಹೊದೆಸಿದ ಮಾಡು ನಾಲ್ಕು ಕಡೆ ಸೋರಿತು. ಪಡಸಾಲೆಯಲ್ಲಿ ಉಪ್ಪ ಪತ್ರಿಕೆ ಓದುವ ಕುರ್ಚಿಯನ್ನು ಮೂರು ಸಲ ಜಾಗ ಬದಲಿಸಬೇಕಾಯಿತು. ಏಳು ಸಾಲಿನ ಕೆಳಗೆ ಒಂದು ಹನಿ ಬೀಳಲಿಲ್ಲ. ಉಪ್ಪ ಅದನ್ನು ನೋಡಿದರು. ಆ ಮನೆ ಬಿಡುವ ಹೊತ್ತಿಗೆ ಮಾಡಿನವರು ಎಲ್ಲಿಗೆ ಹೋದರು ಎಂದು ಮಾತ್ರ ಕೇಳಬೇಡಿ. ನನಗೆ ಗೊತ್ತುಂಟು, ಹೇಳುವುದಿಲ್ಲ. ಈಗಿನ ಕಾಲದಲ್ಲಿ ಹೇಳಿದರೆ ಎಲ್ಲರೂ ಫೋನ್ ಹಿಡಿದುಕೊಂಡು ಬೆಳಕು ಬಿಡಲು ಹೋಗುತ್ತಾರೆ.

ಉಪ್ಪ ಕೊನೆಯ ಎರಡು ವರ್ಷ ನನ್ನ ಮನೆಯಲ್ಲೇ ಇದ್ದರು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಅವರು ಚಮಚವನ್ನು ಕೈಯಿಂದ ತಡೆದು, “ಆಸಿಯಾ, ಆ ದಿವಸ ಅಲ್ಲಿ ನಿಜವಾಗಿ ಎಂತ ಇತ್ತು?” ಎಂದು ಕೇಳಿದರು.

ಯಾವ ದಿವಸ ಎಂದು ನಾನು ಕೇಳಲಿಲ್ಲ. “ಕರೆದಿದ್ದೆನಲ್ಲ ಉಪ್ಪ. ಹತ್ತಿ ಬಂದು ನೋಡಬೇಕಿತ್ತು” ಎಂದೆ.

ಅವರು ತಲೆ ಎತ್ತಿ ಮೇಲೆ ನೋಡಿದರು. “ಒಂದು ಮೆಟ್ಟಿಲು ಹತ್ತಿದ್ದೆ” ಎಂದರು. “ಅದಕ್ಕೂ ಮೊದಲೇ ಕುಟ್ಟುವ ಸದ್ದು ಕೇಳಿತ್ತು. ನಿನ್ನ ಎರಡು ಕೈಯೂ ನನಗೆ ಕಾಣ್ತಾ ಇತ್ತು. ನೀನು ಕುಟ್ಟಿದ್ದಲ್ಲ.”

ಅಷ್ಟು ವರ್ಷ ನನ್ನ ಮಾತನ್ನು ದೊಡ್ಡವರು ಒಬ್ಬರಾದರೂ ಒಪ್ಪಬೇಕು ಎಂದು ಕಾದಿದ್ದವಳು ನಾನು. ಒಪ್ಪಿದವರು ಅವರೇ ಆದರು. ಸಂತೋಷ ಆಗಬೇಕಿತ್ತು.

“ಹಾಗಾದರೆ ನನ್ನ ಶಾಲೆ ಯಾಕೆ ಬಿಡಿಸಿದಿರಿ ಉಪ್ಪ?” ಎಂದು ಕೇಳಿದೆ.

ಉಪ್ಪ ಕಣ್ಣು ಮುಚ್ಚಿದರು. ಕೆನ್ನೆಯ ಮೇಲೆ ನೀರು ಇಳಿಯಿತು. ಆಮೇಲೆ ಕುಡಿಯಲು ನೀರು ಕೇಳಿದರು. ಕೊಟ್ಟೆ, ಸೆರಗಿನಿಂದ ಬಾಯಿ ಒರೆಸಿದೆ, ದಿಂಬು ಸರಿ ಮಾಡಿದೆ. ಪ್ರಶ್ನೆಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.